ಟ್ರ್ಯಾಕ್ಟರ್ ಡೀಸೆಲ್ ಟಾಕಿಗೆ ತೂತು ಹಾಕೋದೈತ್ರಿ, ಬುರಾದೆ ಒಳಗ ಬೀಳದಂಗ ಹ್ಯಾಂಗ?

ಕಬ್ಬಿನಗಾಡಿ (ಮುಧೋಳ ತಾಲೂಕು)

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಮನಿ ಟ್ರ್ಯಾಕ್ಟರ್ ಹಳೇದು. ಎಂಜಿನ್ ಇನ್ನೂ ಗಟ್ಟಿ ಐತಿ, ಆದ್ರ ಡೀಸೆಲ್ ಎಷ್ಟೈತಿ ಅಂತ ತೋರಸೋ ಮುಳ್ಳು ಮೊದಲಿಂದನೂ ಇಲ್ಲ. ಅಪ್ಪ ಜ್ವಾಳದ ದಂಟು ಟಾಕಿಯೊಳಗ ಇಳಿಬಿಟ್ಟು ನೋಡತಿದ್ದ, ನಾನೂ ಅದನ್ನ ಮಾಡ್ಕೋತ ಬಂದೀನಿ. ಈ ಸೀಸನ್‌ನ್ಯಾಗ ಎರಡು ಡಬ್ಬಿ ಕಬ್ಬು ಹಿಂದ ಕಟ್ಟಕೊಂಡು ಫ್ಯಾಕ್ಟರಿ ಪಾಳಿಗೆ ಹೊಂಟಾಗ, ರಾತ್ರಿ ಎರಡರ ಸುಮಾರ, ಏರಿನ್ಯಾಗ ಡೀಸೆಲ್ ತೀರಿ ನಿಂತಬಿಡ್ತು. ತಂದು ಹಾಕಿದ್ರೂ ಚಾಲೂ ಆಗವಲ್ದು, ಲೈನಿನ್ಯಾಗ ಗಾಳಿ. ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡಲ ಮಾಡಿ ಕೈಪಂಪ್ ಒತ್ತಿ ಒತ್ತಿ ಹೆಬ್ಬಟ್ಟಿನ ಚರ್ಮ ಕಿತ್ತು ಬಂತು. ಹಿಂದ ನಿಂತ ಗಾಡಿಯವರು ಬೈದದ್ದು ಇಲ್ಲಿ ಬರೀಲಿಕ್ಕೆ ಬರಂಗಿಲ್ಲ.

ಹಂಗಾಗಿ ಗೇಜ್ ಹಾಕೇ ಹಾಕೋದು ಅಂತ ಗಟ್ಟಿ ಮಾಡೀನಿ. ಐದು ಬೋಲ್ಟಿನ ಸೆಂಡರ್ (ಟಾಕಿಯೊಳಗಿನ ಮಟ್ಟ ಗೇಜಿಗೆ ತಿಳಿಸೋದು) ತಂದೀನಿ, ತೇಲೋ ಬೆಂಡು ಇರೋದು. ಟಾಕಿ ನೆತ್ತಿ ಮ್ಯಾಲ 40 ಮಿಲಿಮೀಟರ್ ಆಸುಪಾಸಿಂದು ಒಂದು ದೊಡ್ಡ ತೂತು, ಸುತ್ತ ಐದು ಸಣ್ಣವು ಹೊಡೀಬೇಕು. ಕಬ್ಬಿಣದ ತಗಡಿನ ಟಾಕಿ, ಒಳಗ ಅರ್ಧ ಡೀಸೆಲ್ ಐತಿ. ಬಿಚ್ಚದ ಹಂಗ ಗಾಡಿ ಮ್ಯಾಲನ ಹೊಡದ್ರಾತು ಅಂತ ನನ್ನ ವಿಚಾರ. ಬುರಾದೆ, ಅಂದ್ರ ತೂತು ಹೊಡಿಯೋವಾಗ ಉದರೋ ಲೋಹದ ಚೂರು, ಒಳಗ ಬೀಳಬಾರದು, ಅಷ್ಟ. ಮಾಡಿದವರು ಯಾರರೆ ಇದ್ರ ಹೇಳ್ರಿ.

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ಗ್ರೀಸ್. ಬಿಟ್ಟಿನ ತೋಡು ಐತಲ್ಲ, ಸುರುಳಿ ಹೊರಗ ಬರೋ ದಾರಿ, ಅದರ ತುಂಬ ದಪ್ಪ ಗ್ರೀಸ್ ತುಂಬ್ರಿ. ತೂತು ಬೀಳೋ ಜಾಗದಾಗೂ ಒಂದು ಮುದ್ದಿ ಮೆತ್ರಿ. ಎರಡು ಸುತ್ತು ಹೊಡೀರಿ, ಬಿಟ್ ಎತ್ರಿ, ಒರಸ್ರಿ, ಹೊಸಾ ಗ್ರೀಸ್ ಹಚ್ಚ್ರಿ, ಮತ್ತ ಎರಡು ಸುತ್ತು. ಅವಸರ ಮಾಡಿದ್ರ ಗ್ರೀಸ್ ಕಾದು ನೀರಾಗಿ ಬುರಾದೆ ಸಮೇತ ಒಳಗ ಇಳೀತೈತಿ.

ದೊಡ್ಡ ತೂತಿಗೆ ಹೋಲ್ ಸಾ (ಗುಂಡನ ಗರಗಸ) ಬ್ಯಾಡ್ರಿ. ಅದು ಹಲ್ಲು ಹಲ್ಲಿಗೂ ಹಿಟ್ಟಿನಂಥಾ ಪುಡಿ ಉದರಸ್ತೈತಿ, ಕಡೀಕ ನಡುವಿನ ಬಿಲ್ಲಿನೂ ಒಳಗ ಬಿದ್ದು ಠಣ್ ಅಂತೈತಿ. ಮೆಟ್ಟಿಲ ಮೆಟ್ಟಿಲ ಇರೋ ಸ್ಟೆಪ್ ಡ್ರಿಲ್ ಚಲೋ. ತೆಳು ತಗಡಿಗೆ ಅದು ಗುಂಡಗ ತೂತು ಮಾಡ್ತೈತಿ, ಸಾದಾ ಬಿಟ್ ಆದ್ರ ಮೂರು ಮೂಲಿ ಆಗಿ ತಗಡು ಹರೀತೈತಿ.

ದ್ರಾಕ್ಷಿ ಪಡ (ತಿಕೋಟಾ)

ನಮ್ಮ ಕಡಿ ಒಬ್ಬರು ಸೈಕಲ್ ಟ್ಯೂಬ್ ಉಪಾಯ ಮಾಡ್ಯಾರ. ಟಾಕಿ ಬಾಯಿಂದ ಹಳೇ ಟ್ಯೂಬ್ ಒಳಗ ತೂರಿಸಿ, ತೂತು ಬೀಳೋ ಜಾಗದ ಕೆಳಗ ಬರೂಹಂಗ ಮಾಡಿ ಅರ್ಧ ಗಾಳಿ ತುಂಬಿದ್ರು. ಟ್ಯೂಬಿನ ಬೆನ್ನಿಗೆ ಗ್ರೀಸ್. ಬುರಾದೆ ಎಲ್ಲಾ ಅದಕ್ಕ ಹತ್ತಕೊಂಡು ಬಂತು. ಬಿಟ್ ಟ್ಯೂಬಿಗೆ ಚುಚ್ಚಬಾರದಂತ ಬಿಟ್ಟಿಗೆ ಒಂದು ಪೈಪಿನ ತುಂಡು ತೊಡಿಸಿದ್ರು, ಎರಡು ಮಿಲಿಮೀಟರ್‌ಕಿಂತ ಹೆಚ್ಚಿಗಿ ಒಳಗ ಹೋಗದಂಗ. ನಾ ಕಣ್ಣಾರೆ ನೋಡೀನಿ.

ನಾ ಸ್ವತಾ ಮಾಡಿದ್ದು ಮಾತ್ರ ಪಜೀತಿ ಆತು. ಜನರೇಟರ್ ಟಾಕಿ, ಸ್ಟೇನ್‌ಲೆಸ್ ಸ್ಟೀಲಿಂದು. 'ಬೀಳಲಿ ಬಿಡು, ಮ್ಯಾಗ್ನೆಟ್ ಬಿಟ್ಟು ತಗೀತೀನಿ' ಅಂತ ಧೈರ್ಯ ಮಾಡಿ ಹೊಡದೆ. ಆಮ್ಯಾಲ ಮ್ಯಾಗ್ನೆಟ್ ಇಳಿಬಿಟ್ರ ಒಂದು ಚೂರೂ ಹತ್ತಲಿಲ್ಲ. ಆ ಜಾತಿ ಸ್ಟೀಲಿಗೆ ಮ್ಯಾಗ್ನೆಟ್ ಹಿಡಿಯೂದಿಲ್ಲ ಅನ್ನೂದು ಅವತ್ತ ತಿಳೀತು. ಅಲ್ಯುಮಿನಿಯಂಗೂ ಅಷ್ಟ. ನಿಮ್ದು ಕಬ್ಬಿಣ ಇದ್ದರ ಚಿಂತಿಲ್ಲ.

ಪಂಪ್ ರಿಪೇರಿ (ವಿಜಯಪುರ)

ಬುರಾದೆ ಒಳಗ ಬಿದ್ದರ ಏನ ಆಗ್ತದ ಅಂತ ಯಾರೂ ಹೇಳಲಿಲ್ಲ, ನಾ ಹೇಳ್ತೀನಿ. ನನ್ನ ಬೆಂಚಿಗೆ ಬರೋದೇ ಆ ಕೇಸು.

ಕಣ್ಣಿಗೆ ಕಾಣೋ ಸುರುಳಿ ಬುರಾದೆ ಪಂಪಿನ ತನಕ ಬರೂದಿಲ್ರಿ. ಟಾಕಿ ನಳದ ಜಾಳಿಗಿ, ಕೆಳಗಿನ ಬಟ್ಟಲು, ಫಿಲ್ಟರ್, ಎಲ್ಲಿಯಾರೆ ಒಂದು ಕಡಿ ಅದು ಸಿಗಬೀಳ್ತದ. ಅದರ ತ್ರಾಸು ಬ್ಯಾರೆ. ಲೋಡಿನ್ಯಾಗ ಗಾಡಿ ಗುರ್ ಗುರ್ ಅಂತ ಸತ್ತು ನಿಲ್ತದ, ಹತ್ತು ನಿಮಿಷ ಬಿಟ್ಟರ ಮತ್ತ ಚಾಲೂ ಆಗ್ತದ, ಮೈಲಿ ಹೋಗಿ ಮತ್ತ ಸಾಯ್ತದ. ಎಳೆತಕ್ಕ ಬುರಾದೆ ಬಂದು ಟಾಕಿ ನಳದ ಬಾಯಿಗೆ ಅಂಟಕೋತದ, ನಿಂತ ಕೂಡಲೇ ಬಿಡ್ತದ. ಇದಕ್ಕ ಪಂಪ್ ಬಿಚ್ಚಿಸಿ, ಎಂಜಿನ್ನಿಗೆ ಡೀಸೆಲ್ ಚಿಮಕಿಸೋ ನಾಜಲ್ ಬದಲಿಸಿ ರೊಕ್ಕ ಕಳಕೊಂಡವರನ್ನ ನೋಡೀನಿ, ಕಡೀಕ ಟಾಕಿ ನಳದಾಗ ಒಂದು ಎಳಿ ಸಿಗತಿತ್ತು.

ಖರೇ ಹಾನಿ ಮಾಡೋದು ಕಣ್ಣಿಗೆ ಕಾಣದ ಪುಡಿ. ಹಳೇ ಪಂಪಿನ ಪ್ಲಂಜರ್ (ಡೀಸೆಲ್ ಒತ್ತೋ ಸಣ್ಣ ದಂಡ) ತಗೊಂಡು ನೋಡ್ರಿ, ಕನ್ನಡಿ ಹಂಗ ಹೊಳೀತದ. ಡೀಸೆಲ್ ಹಚ್ಚಿ ಅದರ ಬ್ಯಾರಲ್‌ನ್ಯಾಗ ನೆಟ್ಟಗ ಇಟ್ಟರ, ತನ್ನ ತೂಕಕ್ಕ ತಾನ ನಿಧಾನ ಇಳೀಬೇಕು, ಜೇನ ಇಳಿದಂಗ. ಎರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್, ಮಿಲಿಮೀಟರಿನ ಸಾವಿರ ಪಾಲಿನಾಗ ಎರಡು ಮೂರು ಪಾಲು. ತಲಿಗೂದಲು 70 ಮೈಕ್ರಾನ್ ಆಸುಪಾಸು ಇರ್ತದ, ಲೆಕ್ಕ ಹಾಕ್ರಿ. ಉಕ್ಕಿನ ಪುಡಿ ಅಲ್ಲಿ ಹೊಕ್ಕರ ಪ್ಲಂಜರ್ ಮೈಮ್ಯಾಲ ಉದ್ದಕ ಗೀರು ಬೀಳ್ತದ, ಡೀಸೆಲ್ ಅಲ್ಲಿಂದ ಹಿಂದಕ್ಕ ಜಾರ್ತದ, ಬೆಳಿಗ್ಗೆ ಚಾಲೂ ಮಾಡೋದಕ್ಕ ಹೆಣಗಾಟ.

ಕಬ್ಬಿನಗಾಡಿ ಅಣ್ಣಂದು ಹಳೇ ಎಂಜಿನ್, ನಾಜಲ್ ಸುಮಾರು 200 ಬಾರ್‌ಗೆ ತೆರೀತದ, ಒಂದಿಷ್ಟು ತಡಕೋತದ. ಈಗಿನ ಕಾಮನ್ ರೈಲ್ ಗಾಡಿ (ಭಾರೀ ಒತ್ತಡದ ಒಂದ ನಳದಿಂದ ಎಲ್ಲಾ ಇಂಜೆಕ್ಟರಿಗೂ ಡೀಸೆಲ್ ಹೋಗೋದು) ಇಟಗೊಂಡವರು ಈ ಸಾಹಸಕ್ಕ ಕೈ ಹಾಕಬ್ಯಾಡ್ರಿ. ಅಲ್ಲಿ 1600 ಬಾರ್, ಅದಕ್ಕೂ ಮ್ಯಾಲ ಒತ್ತಡ. ಒಂದು ಕಣ ಇಂಜೆಕ್ಟರ್ ಕೆಡಸ್ತದ. 50 ಎಚ್‌ಪಿ ಮ್ಯಾಲಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗಿ ನಿಯಮ ಬಂದ ಮ್ಯಾಲ ಅಂಥಾ ಎಂಜಿನ್ ನಮ್ಮ ಹೊಲಕ್ಕೂ ಬಂದಾವ.

ಲ್ಯಾಬ್ ಮಾಸ್ತರ (ಬಾಗಲಕೋಟೆ)

ಎಲ್ಲರೂ ಬುರಾದೆಯ ಬಗ್ಗೆ ಮಾತಾಡುತ್ತಿದ್ದೀರಿ. ನನಗೆ ಹೆದರಿಕೆ ಹುಟ್ಟಿಸಿದ್ದು 'ಅರ್ಧ ಡೀಸೆಲ್ ಐತಿ, ಬಿಚ್ಚದ ಹಂಗ ಹೊಡೀತೀನಿ' ಎಂಬ ಮಾತು. ಅರ್ಧ ಡೀಸೆಲ್ ಎಂದರೆ ಉಳಿದರ್ಧ ಆವಿ ಮತ್ತು ಗಾಳಿ.

ಬಿಸಿಲನಾಡು (ಇಂಡಿ)

ಸರ, ಡೀಸೆಲ್‌ಗೆ ಬೆಂಕಿ ಹತ್ತಂಗಿಲ್ರಿ. ಬಕೆಟ್ ಡೀಸೆಲ್‌ನ್ಯಾಗ ಉರಿಯೋ ಕಡ್ಡಿ ಒಗದು ನೋಡೀನಿ, ಚೊಂಯ್ ಅಂತ ಆರತು. ಪೆಟ್ರೋಲ್ ಅಲ್ಲ ಇದು.

ಲ್ಯಾಬ್ ಮಾಸ್ತರ (ಬಾಗಲಕೋಟೆ)

ಯಾವ ತಿಂಗಳು ಒಗೆದಿರಿ? ಚಳಿಗಾಲದ ಮುಂಜಾನೆ ಒಗೆದಿದ್ದರೆ ಆರಲೇಬೇಕು. ದಯವಿಟ್ಟು ಮೇ ತಿಂಗಳಲ್ಲಿ ಮತ್ತೆ ಪ್ರಯತ್ನಿಸಬೇಡಿ.

ಒಂದು ದ್ರವದ ಮೇಲಿನ ಆವಿ ಕಿಡಿ ತಾಕಿದರೆ ಭಗ್ಗೆನ್ನುವಷ್ಟು ದಟ್ಟವಾಗುವ ಉಷ್ಣಾಂಶಕ್ಕೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಹಾಗಾಗಿ ಅದು ಸದಾ ಸಿದ್ಧ. ಯುರೋಪಿನ ಮಾನಕದಲ್ಲಿ ಡೀಸೆಲ್‌ನದು 55 ಡಿಗ್ರಿಗಿಂತ ಮೇಲಿರಬೇಕು. ಅಂತರ್ಜಾಲದಲ್ಲಿ 'ಡೀಸೆಲ್ ಸುರಕ್ಷಿತ' ಎಂದು ಓದುವುದೆಲ್ಲ ಅಲ್ಲಿಯ ಡೀಸೆಲ್ ಕುರಿತದ್ದು. ನಮ್ಮ ಐಎಸ್ 1460 ಮಾನಕದಲ್ಲಿ ಕನಿಷ್ಠ ಮಿತಿ 35 ಡಿಗ್ರಿ. ಬಂಕಿನಲ್ಲಿ ಸಿಗುವುದು ಅದಕ್ಕಿಂತ ಮೇಲಿರಬಹುದು, ಆದರೆ ಕಾನೂನು ಕೊಡುವ ಖಾತ್ರಿ ಅಷ್ಟೇ. ನಮ್ಮ ಮೂರೂ ಜಿಲ್ಲೆಗಳಲ್ಲಿ ಏಪ್ರಿಲ್–ಮೇ ಬಿಸಿಲಿಗೆ ನಿಂತ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಟಾಕಿ ಅದರಡಿಯೇ, ಎಂಜಿನ್ನಿನ ನೆತ್ತಿಯ ಮೇಲೆಯೇ ಇರುತ್ತದೆ.

ಇನ್ನು ಕಿಡಿ. ವೈರಿನ ಸಾದಾ ಡ್ರಿಲ್ಲಿನ ಗಾಳಿಕಿಂಡಿಯಲ್ಲಿ ಕತ್ತಲಲ್ಲಿ ಇಣುಕಿದರೆ ಕಾರ್ಬನ್ ಬ್ರಷ್ಷಿನ ನೀಲಿ ಕಿಡಿ ಕಾಣುತ್ತದೆ. ತೂತು ಬಿದ್ದ ಕ್ಷಣ ಆವಿ ಹೊರಬರುವುದು ಅದರ ಮೂತಿಯ ಎದುರಿಗೇ.

ಬಿಸಿಲನಾಡು (ಇಂಡಿ)

ಡಿಸೆಂಬರ್‌ನ್ಯಾಗ ಒಗದಿದ್ದೆ ಸರ. ಒಪ್ಪಿದೆ.

ಕಬ್ಬಿನಗಾಡಿ (ಮುಧೋಳ ತಾಲೂಕು)

ಮಾಸ್ತರ ಹೇಳಿದ್ದು ಓದಿ ಡ್ರಿಲ್ ಮೂಲ್ಯಾಗ ಇಟ್ಟೀನಿ. ಟಾಕಿ ಬಿಚ್ತೀನಿ. ಡೀಸೆಲ್ ಪೂರಾ ಇಳಿಸಿ ಖಾಲಿ ಮಾಡಿದ್ರ ಸಾಕಲ್ರಿ?

ಲ್ಯಾಬ್ ಮಾಸ್ತರ (ಬಾಗಲಕೋಟೆ)

ಖಾಲಿ ಟಾಕಿ ತುಂಬಿದ ಟಾಕಿಗಿಂತ ಅಪಾಯ. ಗೋಡೆಗೆ ಅಂಟಿದ ತೆಳು ಪೊರೆ ಆವಿಯಾಗಲು ಸಾಕು, ಗಾಳಿಗೂ ಜಾಗ ಸಿಕ್ಕಿತು. ಸೋಪಿನ ನೀರಿನಲ್ಲಿ ಎರಡು ಮೂರು ಸಲ ಕುಲುಕಿ ತೊಳೆಯಿರಿ. ಆಮೇಲೆ ತೂತು ಬೀಳುವ ಜಾಗದ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿಡಿ. ಆವಿಗೆ ಜಾಗವೇ ಇರಬಾರದು. ನೀರಿದೆ ಎಂದ ಮೇಲೆ ವೈರಿನ ಡ್ರಿಲ್ ಮುಟ್ಟಬೇಡಿ. ಕೈಯಿಂದ ತಿರುಗಿಸುವ ಡ್ರಿಲ್ ಇದ್ದರೆ ಅದೇ ಒಳ್ಳೆಯದು.

ಬಿಸಿಲನಾಡು (ಇಂಡಿ)

ನೀರು ಯಾಕ್ರಿ, ಸೈಲೆನ್ಸರ್ ಹೊಗಿ ಟಾಕಿಯೊಳಗ ಬಿಟ್ಟರ ಗಾಳಿ ಹೊರಗ ಹೋಗ್ತದ, ಬೆಂಕಿ ಹತ್ತಂಗಿಲ್ಲ ಅಂತಾರ. ಗ್ಯಾರೇಜಿನ್ಯಾಗ ವೆಲ್ಡಿಂಗ್ ಮಾಡೋರು ಹಂಗ ಮಾಡ್ತಾರ.

ಲ್ಯಾಬ್ ಮಾಸ್ತರ (ಬಾಗಲಕೋಟೆ)

ಬೇಡವೇ ಬೇಡ. ಲೋಡಿಲ್ಲದೆ ನಿಂತು ಓಡುವ ಡೀಸೆಲ್ ಎಂಜಿನ್ ತನಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಗಾಳಿ ಎಳೆದು ಹಾಗೆಯೇ ಹೊರಬಿಡುತ್ತದೆ. ಆ ಹೊಗೆಯಲ್ಲಿ ಆಮ್ಲಜನಕ ಇನ್ನೂ ನೂರಕ್ಕೆ 15ಕ್ಕಿಂತ ಹೆಚ್ಚಿರುತ್ತದೆ, ಉರಿಯಲು ಸಾಕಷ್ಟಾಯಿತು. ಜೊತೆಗೆ ಬಿಸಿ ಬೇರೆ, ಕೆಂಡದ ಚೂರು ಬಂದರೂ ಬಂತು. ಬೆಂಕಿ ಆರಿಸುವ ಸಿಒ2 ಸಿಲಿಂಡರನ್ನು ಬುಸ್ಸೆಂದು ಟಾಕಿಯೊಳಗೆ ಬಿಡುವವರೂ ಇದ್ದಾರೆ. ಅದು ಹಾಗೆ ರಭಸದಿಂದ ಹೊರಬಂದಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ, ಅದೇ ಕಿಡಿಯಾಗಬಹುದು.

ದ್ರಾಕ್ಷಿ ಪಡ (ತಿಕೋಟಾ)

ವ್ಯಾಕ್ಯೂಮ್ ಕ್ಲೀನರ್ ಪೈಪ್ ತೂತಿನ ಬಾಜೂಕ ಹಿಡದು ಬುರಾದೆ ಎಳಕೊಂಡ್ರ? ನಮ್ಮ ಹುಡುಗ ಕೇಳಾಕತ್ಯಾನ.

ಪಂಪ್ ರಿಪೇರಿ (ವಿಜಯಪುರ)

ತೊಳೀಲಾರದ ಟಾಕಿಗೆ ಆಗಂಗಿಲ್ಲ. ಆವಿ ಎಳಕೊಂಡು ನೇರ ಮೋಟರಿನ ಕಿಡಿ ಮ್ಯಾಲ ಒಯ್ತದ ಅದು. ಹುಡುಗನಿಗೆ ಅದರಿಂದ ಮನಿ ಕಸ ಹೊಡಿ ಅನ್ರಿ.

ಹಳೇ ಲೇತ್ (ಬೆಳಗಾವಿ)

ನಾನು ಎರಡು ದಿನದಿಂದ ಓದಾಕತ್ತೀನಿ, ನಗು ಬರಾಕತ್ತೈತಿ. ಮೂವತ್ತು ವರ್ಷ ಮಶೀನ್ ಶಾಪ್‌ನ್ಯಾಗ ಸವದ ಮುದುಕ ನಾನು. ಟಾಕಿ ಬಿಚ್ಚತೀನಿ ಅಂತ ಒಪ್ಪಿದ ಮ್ಯಾಲ ಬುರಾದೆ ಒಳಗ ಯಾಕ ಬೀಳಬೇಕು? ಬುರಾದೆ ಮ್ಯಾಲಿಂದ ಕೆಳಗ ಬೀಳತೈತಿ. ಟಾಕಿ ಬೋರಲ ಹಾಕ್ರಿ. ಎರಡು ಸ್ಟೂಲಿನ ನಡುವ, ಇಲ್ಲಾ ಬೇವಿನ ಗಿಡಕ್ಕ ಹಗ್ಗ ಕಟ್ಟಿ ತೂಗಹಾಕ್ರಿ, ತೂತು ಬೀಳೋ ಮಾರಿ ಕೆಳಗ. ನೀವು ಕೆಳಗ ಕುಂತು ಮ್ಯಾಲಕ್ಕ ಹೊಡೀರಿ. ಬುರಾದೆ ನಿಮ್ಮ ತೊಡಿ ಮ್ಯಾಲ ಬೀಳತೈತಿ, ಟಾಕಿಯೊಳಗಲ್ಲ. ಕಣ್ಣಿಗೆ ಕನ್ನಡಕ ಮಾತ್ರ ಮರೀಬ್ಯಾಡ್ರಿ.

ಇನ್ನೊಂದು. ದೊಡ್ಡ ತೂತಿಗೆ ಕತ್ತರಿಸೋದೇ ಬ್ಯಾಡ, ಪಂಚ್ ಮಾಡ್ರಿ. ಎಲೆಕ್ಟ್ರಿಕ್ ಪ್ಯಾನಲ್ ಬೋರ್ಡ್ ಮಾಡೋರ ಹತ್ರ ನಾಕೌಟ್ ಪಂಚ್ ಇರತೈತಿ. ನಡುವ ಒಂದು ಸಣ್ಣ ತೂತು ಹೊಡದು ಬೋಲ್ಟ್ ತೂರಿಸಿ, ಒಳಗ ಒಂದು ಬಟ್ಟಲ, ಹೊರಗ ಒಂದು, ಪಾನಾ ಹಾಕಿ ತಿರುವ್ಕೋತ ಹೋದ್ರ ತಗಡು ರೂಪಾಯಿ ಕತ್ತರಿಸಿದಂಗ ಕಟ್ ಆಗಿ ಆ ಬಿಲ್ಲಿ ಬಟ್ಟಲದಾಗ ಕುಂದರತೈತಿ. ಒಂದು ಎಳಿ ಬುರಾದೆ ಇಲ್ಲ. ಆದ್ರ ಒಳಗಿನ ಬಟ್ಟಲ ಹಿಡದು ಬೋಲ್ಟಿಗೆ ಹಚ್ಚಾಕ ಟಾಕಿ ಬಾಯಿಂದ ಕೈ ಮುಟ್ಟಬೇಕು. ಮುಟ್ಟದಿದ್ರ ಆಗಂಗಿಲ್ಲ.

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ಕಾಕಾ, ಬೋರಲ ಹಾಕಿದ್ರ ಮಾಸ್ತರು ಹೇಳಿದ ನೀರು ಎಲ್ಲಿ ನಿಲ್ಲಬೇಕು? ತೂತು ಬಿದ್ದ ಕೂಡಲೇ ತಲಿ ಮ್ಯಾಲ ಜಳಕ.

ಹಳೇ ಲೇತ್ (ಬೆಳಗಾವಿ)

ಖರೇ ಮಾತು. ಅದನ್ನ ನಾ ವಿಚಾರ ಮಾಡಿರಲಿಲ್ಲ. ನಮ್ಮ ಶಾಪ್‌ನ್ಯಾಗ ಬರತಿದ್ದದ್ದು ಹೊಸಾ ಟಾಕಿ, ಎಣ್ಣಿ ಕಾಣದ್ದು. ವಾಸನಿ ಪೂರಾ ಹೋಗೂತನಕ ತೊಳದು, ದಿನಾ ಎರಡು ದಿನ ಎಲ್ಲಾ ಬಾಯಿ ತೆರೆದು ಗಾಳಿಗೆ ಇಟ್ಟು, ಕೈ ಡ್ರಿಲ್‌ನ್ಯಾಗ ಹೊಡದ್ರ ಬೋರಲ ಹಾಕಬಹುದು ಅಂತೀನಿ. ಮಾಸ್ತರು ಒಪ್ಪಿದ್ರ.

ಲ್ಯಾಬ್ ಮಾಸ್ತರ (ಬಾಗಲಕೋಟೆ)

ಮೂಗನ್ನು ನಂಬಿ ಒಪ್ಪಲಾರೆ. ಹಳೆ ಟಾಕಿಯ ಹೊಲಿಗೆ ಸಂದಿನಲ್ಲಿ ಡೀಸೆಲ್ ಅಡಗಿರುತ್ತದೆ, ಬಿಸಿಲಿಗೆ ಮತ್ತೆ ಆವಿ ಬಿಡುತ್ತದೆ. ನನ್ನ ಮತ ನೀರಿಗೇ. ಬುರಾದೆ ನೀರೊಳಗೆ ಬಿದ್ದರೆ ಬೀಳಲಿ, ಟಾಕಿ ಕೈಯಲ್ಲೇ ಇದೆಯಲ್ಲ, ತೊಳೆದರಾಯಿತು.

ಪಂಪ್ ರಿಪೇರಿ (ವಿಜಯಪುರ)

ನನ್ನ ವೋಟೂ ನೀರಿಗೆ. ಬುರಾದೆ ಬೀಳಬಾರದು ಅನ್ನೋದಕ್ಕ ಇಷ್ಟು ಜಗ್ಗಾಡಬ್ಯಾಡ್ರಿ, ಬಿದ್ದದ್ದು ಹೊರಗ ಬಂತೋ ಇಲ್ಲೋ ಅನ್ನೋದು ಖಾತ್ರಿ ಇರಬೇಕು. ಗಾಡಿ ಮ್ಯಾಲ ಇದ್ದಾಗ ಆ ಖಾತ್ರಿ ಸಿಗೂದಿಲ್ಲ, ನೆಲಕ್ಕಿಳಿಸಿದ್ರ ಸಿಗ್ತದ.

ಎರಡು ಮಾತು ನೆನಪಿಡ್ರಿ. ತೂತಿನ ಒಳ ಅಂಚಿಗೆ ಬರ್ ಜೋತು ಬಿದ್ದಿರ್ತದ, ಬೆರಳಿಗೆ ಚುಚ್ಚೋ ಅಂಚು. ಅದನ್ನ ಅರ್ಧಗೋಲದ ಅರದಾಗ ತಿಕ್ಕಿ ತಗೀರಿ, ಅರಕ್ಕೂ ಗ್ರೀಸ್ ಹಚ್ಚ್ರಿ. ಬಿಟ್ಟರ ನಾಳಿ ಗಾಡಿ ಅದರಿದಾಗ ಮುರದು ಬೀಳ್ತದ, ಆಗ ನೀವು ಟಾಕಿ ತೊಳದು ಆರು ತಿಂಗಳಾಗಿರ್ತದ. ಮತ್ತ ಒಳಗ ಬರೋ ಬೋಲ್ಟ್, ವಾಷರ್ ಜಿಂಕ್ ಲೇಪ ಇದ್ದದ್ದು ಬ್ಯಾಡ. ಸತು ಡೀಸೆಲ್ ಕೂಡ ಸೇರಿ ಉಪ್ಪಿನಂಥಾ ಜಿಗಟು ಹುಟ್ಟಿಸ್ತದ, ನಾಜಲ್ ಮಾರಿಗೆ ಕುಂದರ್ತದ. ಗ್ಯಾಸ್ಕೆಟ್ ನೈಟ್ರೈಲ್ ರಬ್ಬರಿಂದು ಇರಲಿ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ರ ಡೀಸೆಲ್ ಕುಡದು ಹಪ್ಪಳ ಉಬ್ಬಿದಂಗ ಉಬ್ತದ.

ಬಿಸಿಲನಾಡು (ಇಂಡಿ)

ಇದ ಪದ್ಧತಿ ಮೋಟರ್ ಸೈಕಲ್ ಪೆಟ್ರೋಲ್ ಟಾಕಿಗೆ ನಡೀತದೇನ್ರಿ?

ಲ್ಯಾಬ್ ಮಾಸ್ತರ (ಬಾಗಲಕೋಟೆ)

ಇಲ್ಲ.

ಕಬ್ಬಿನಗಾಡಿ (ಮುಧೋಳ ತಾಲೂಕು)

ಕೆಲಸ ಮುಗೀತ್ರಿ. ಉದ್ದಕ ಬರೀತೀನಿ, ಮುಂದ ಯಾರಿಗರೆ ಬೇಕಾಗಬಹುದು.

ಟಾಕಿ ಬಿಚ್ಚಾಕ ಅರ್ಧ ದಿನ ಹೋತು. ಒಂದು ಪಟ್ಟಿ ಬೋಲ್ಟ್ ಜಂಗು ತಿಂದು ಕೂತಿತ್ತು. ಡೀಸೆಲ್ ಕ್ಯಾನಿಗೆ ಇಳಿಸಿ ದೂರ ಇಟ್ಟೆ. ಸೋಪಿನ ನೀರಿನ್ಯಾಗ ಮೂರು ಸಲ ತೊಳದ ಮ್ಯಾಲ ನೀರು ತುಂಬಿದೆ. ಊರಾಗ ಬಡಿಗ್ಯಾರ ಕಾಕಾನ ಕಡೆ ಅಜ್ಜನ ಕಾಲದ ಕೈ ಡ್ರಿಲ್ ಇತ್ತು, ಹಲ್ಲಿನ ಚಕ್ರ ಇರೋದು. ಬೆಳಿಗ್ಗೆ ಆರಕ್ಕ, ಬಿಸಿಲು ಏರೂಕಿಂತ ಮೊದಲ ಚಾಲೂ ಮಾಡಿದ್ವಿ.

ಗ್ರೀಸ್ ಕೆಲಸ ಮಾಡೂದು ನೋಡಾಕ ಭಾಳ ಚಂದ್ರಿ. ಬಿಟ್ ತಿರಗಿದಂಗ ತೆಳ್ಳನ ಬೆಳ್ಳಿ ಎಳಿ ಎದ್ದು ಗ್ರೀಸಿನೊಳಗ ಮುಳುಗತೈತಿ, ಬೆಣ್ಣ್ಯಾಗ ಕೂದಲ ಸಿಕ್ಕಂಗ. ಒರಸಿ ಪೇಪರಿಗೆ ಹಚ್ಚಿದ್ರ ಕರೀ ಗ್ರೀಸಿನ್ಯಾಗ ಮಿಣಿ ಮಿಣಿ. ಸ್ಟೆಪ್ ಡ್ರಿಲ್ ಕೈಯಿಂದ ತಿರುವಾಕ ಜೀವ ಹೋತು ಅನ್ನೋದು ಬ್ಯಾರೆ ಮಾತು. ಕಡೀ ಎರಡು ಮೆಟ್ಟಿಲಕ್ಕ ನಾನೂ ಕಾಕಾನೂ ಪಾಳಿ ಹಚ್ಚಿದ್ವಿ. ನಾಕೌಟ್ ಪಂಚ್ ಸಿಗಲಿಲ್ಲ, ಸಿಕ್ಕಿದ್ರೂ ನಮ್ಮ ಟಾಕಿ ಬಾಯಾಗ ಕೈ ಹಿಡಸಂಗಿಲ್ಲ.

ಬುರಾದೆ ತಗ್ಯಾಕ ಹಳೇ ಸ್ಪೀಕರಿನ ಮ್ಯಾಗ್ನೆಟ್ ಪ್ಲಾಸ್ಟಿಕ್ ಚೀಲದಾಗ ಹಾಕಿ ದಾರ ಕಟ್ಟಿ ಇಳಿಬಿಟ್ಟೆ. ಚೀಲ ಯಾಕಂದ್ರ, ಮ್ಯಾಗ್ನೆಟ್ಟಿಗೆ ನೇರ ಹತ್ತಿದ ಬುರಾದೆ ಬಿಡಸೋದು ಕುರಿ ಉಣ್ಣಿ ಆರಿಸಿದಂಗ. ಚೀಲ ತಿರುವಿ ಎಳದ್ರ ಎಲ್ಲಾ ಚೀಲದೊಳಗ ಉಳೀತೈತಿ.

ಆಮ್ಯಾಲ ನೀರು ಚೆಲ್ಲಿ, ಬಿಸಲಿಗೆ ಒಣಗಸಿ, ಎರಡು ಲೀಟರ್ ಡೀಸೆಲ್ ಹಾಕಿ ಕುಲುಕಿ ಅಪ್ಪನ ಹಳೇ ಧೋತ್ರದ ಬಿಳಿ ಅರಿವಿ ಮ್ಯಾಲ ಸುರವಿದೆ. ಮೂರನೇ ಸಲಕ್ಕ ಅರಿವಿ ಸ್ವಚ್ಛ ಬಂತು. ಮೊದಲನೇ ಸಲ ಬಂದದ್ದು ಹೇಳ್ತೀನಿ ಕೇಳ್ರಿ: ನನ್ನ ತೂತಿನ ಬುರಾದೆ ಮೂರೇ ಮೂರು ಎಳಿ. ಬಾಕಿ ಒಂದು ಬೊಗಸಿ ಜಂಗಿನ ಚಕ್ಕಳಿ, ಕಪ್ಪನ್ನ ರಾಡಿ, ಯಾವ ಕಾಲದ್ದೋ ಆಯಿಲ್ ಡಬ್ಬಿ ಮುಚ್ಚಳದ ರಟ್ಟು, ಬೆರಳುದ್ದ ಬೆರಳುದ್ದ ಜ್ವಾಳದ ದಂಟಿನ ಸಿಗರು. ಒಂದಲ್ಲ ಎರಡಲ್ಲ. ಅಪ್ಪಗ ತೋರಿಸಿದೆ. ಅಂವ ನನ್ನ ಮಾರಿ ನೋಡಿ, 'ನೀನೂ ಇಳಿಬಿಟ್ಟೀಯಲ್ಲ' ಅಂದ.

ಪಂಪ್ ರಿಪೇರಿ (ವಿಜಯಪುರ)

ಆ ಸಿಗರು ನೀರು ಹಿಡಕೊಂಡು ತಳದಾಗ ಕೊಳೀತಿದ್ವು, ಜಂಗಿಗೆ ಅದೂ ಕಾರಣ. ಫಿಲ್ಟರ್ ಬದಲಿಸ್ರಿ. ಒಂದು ವಾರ ಓಡಿಸಿ ತಳದ ಬಟ್ಟಲ ಮತ್ತ ಬಿಚ್ಚಿ ನೋಡ್ರಿ.

ಹಳೇ ಲೇತ್ (ಬೆಳಗಾವಿ)

ಕೈ ಡ್ರಿಲ್‌ನ್ಯಾಗ ನಲವತ್ತು ಮಿಲಿಮೀಟರ್! ತಮ್ಮಾ, ನಿನ್ನ ರಟ್ಟಿಗೆ ಶರಣು. ಬೋಲ್ಟ್ ಹ್ಯಾಂಗ ಹಿಡಿಸಿದಿ? ಆ ತಗಡಿನ್ಯಾಗ ಬೋಲ್ಟಿನ ಎಳಿ ಕೂರಂಗಿಲ್ಲ.

ಕಬ್ಬಿನಗಾಡಿ (ಮುಧೋಳ ತಾಲೂಕು)

ಕೂರಲಿಲ್ಲ ಕಾಕಾ. ದಪ್ಪ ಪಟ್ಟಿಯಿಂದ ಬಳಿ ಮಾಡಿಸಿ, ಅದಕ್ಕ ಬೋಲ್ಟ್ ಕೂರೋ ಎಳಿ ಬರೂಹಂಗ ಟ್ಯಾಪ್ ಹೊಡಿಸಿ, ಬಳಿನ ಒಂದು ಕಡಿ ಸೀಳಿ ಸುರುಳಿ ಹಂಗ ದೊಡ್ಡ ತೂತಿನಿಂದ ಒಳಗ ತಿರುವಿ ಕೂರಿಸಿದೆ. ಐದು ತೂತಿನ್ಯಾಗ ಒಂದು ಸ್ವಲ್ಪ ಸರದಿರತೈತಿ, ಸೆಂಡರ್ ಒಂದ ದಿಕ್ಕಿಗೆ ಕೂರಲಿ ಅಂತ. ಅದನ್ನ ನೋಡದ ಮೊದಲ ಬಳಿ ಹಾಳು ಮಾಡಿದೆ. ಎರಡನೇದು ಕೂತತು.

ಈಗ ಹೊಸಾ ಪಜೀತಿ. ಟಾಕಿ ಗಂಟಲಮಟ ತುಂಬಿಸಿ ಚಾವಿ ತಿರುವಿದ್ರ ಮುಳ್ಳು ಖಾಲಿ ಹತ್ರ ಮಲಗೇತಿ. ಡೀಸೆಲ್ ಕಮ್ಮಿ ಆದಂಗ ಮುಳ್ಳು ಏರಾಕತ್ತೇತಿ!

ಉದ್ಯಮಬಾಗ ಫಿಟ್ಟರ್ (ಬೆಳಗಾವಿ)

ಸೆಂಡರ್ ಒಂದು ಜಾತಿ, ಗೇಜ್ ಒಂದು ಜಾತಿ. ಅಮೆರಿಕನ್ ಸೆಂಡರ್ ಖಾಲಿ ಇದ್ದಾಗ 240 ಓಮ್ (ಕರೆಂಟಿಗೆ ತಡೆಯ ಅಳತಿ), ತುಂಬಿದಾಗ 33. ಯುರೋಪಿನ ಗೇಜ್ 10 ಓಮ್ ಅಂದ್ರ ಖಾಲಿ, 180 ಅಂದ್ರ ಭರ್ತಿ ಅಂತ ತಿಳೀತೈತಿ. ಮೀಟರ್ ಹಚ್ಚಿ ಬೆಂಡು ಮ್ಯಾಲ ಕೆಳಗ ಮಾಡಿ ಅಳೀರಿ.

ಕಬ್ಬಿನಗಾಡಿ (ಮುಧೋಳ ತಾಲೂಕು)

ಅಳದೆ. ಖಾಲಿಗೆ 238, ಭರ್ತಿಗೆ 34. ನೀವು ಹೇಳಿದ್ದ ಖರೆ. ಅಪ್ಪ ಅಂತಾನ, ಇರಲಿ ಬಿಡು, ಉಲ್ಟಾ ಓದಿದ್ರಾತು, ಅರ್ಧಕ್ಕ ಹೆಂಗೂ ಅರ್ಧಾನ ತೋರಸ್ತೈತಿ ಅಂತ.

ಪಂಪ್ ರಿಪೇರಿ (ವಿಜಯಪುರ)

ಅಪ್ಪಗ ಗೊತ್ತು, ನಿಮಗ ಗೊತ್ತು. ಸೀಸನ್‌ನ್ಯಾಗ ಪಗಾರದ ಡ್ರೈವರ್ ಹತ್ತತಾನಲ್ಲ, ಅವಗ? ಮುಳ್ಳು ಫುಲ್ ತೋರಿಸೋ ಹೊತ್ತಿಗೆ ಏರಿನ್ಯಾಗ ನಿಲ್ತಾನ.

ಕಬ್ಬಿನಗಾಡಿ (ಮುಧೋಳ ತಾಲೂಕು)

240–33ರ ಗೇಜ್ ಬೆಳಗಾವಿಯಿಂದ ತರಸಾಕ ಹೇಳೀನಿ. ಅದು ಬರೂತನಕ ಹೊಸಾ ದಂಟು ಕಡದು ಟೂಲ್ ಬಾಕ್ಸಿನ್ಯಾಗ ಇಟ್ಟೀನಿ. ಈ ಸಲ ತುದಿಗೆ ಸಿಗರು ಇರದಂಗ ಹೆರದೀನಿ.